ಗಾಡಿ ಹೋಯಿತು, ಹೆಸರು ಉಳಿಯಿತು

ಕಳೆದ ವರ್ಷ ಫೆಬ್ರವರಿಯ ಒಂದು ಬೆಳಿಗ್ಗೆ ನೆಹರು ನಗರದ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆ. ಮೊಬೈಲಿಗೆ ಒಂದು ಸಂದೇಶ ಬಂತು. ಗೋವಾದಲ್ಲಿ ನನ್ನ ಕಾರು ಅತಿ ವೇಗವಾಗಿ ಓಡಿದೆ, ದಂಡ ಕಟ್ಟಬೇಕು ಎಂದು ಅದರಲ್ಲಿತ್ತು. ಜೊತೆಗೊಂದು ಚಿತ್ರ. ನೋಡಿದರೆ ಅದೇ ಕಾರು. ಎಡಗಡೆಯ ಬಂಪರಿನಲ್ಲಿ ನಮ್ಮ ಗೇಟಿಗೆ ತಾಗಿ ಆದ ಗೀರು ಕೂಡ ಹಾಗೆಯೇ ಇದೆ. ಆದರೆ ಆ ಕಾರನ್ನು ನಾನು ಮಾರಿ ಒಂಬತ್ತು ತಿಂಗಳಾಗಿತ್ತು!

ಮಗಳ ಎಂಜಿನಿಯರಿಂಗ್ ಪ್ರವೇಶದ ಸಮಯ. ಕಾಲೇಜಿನ ಶುಲ್ಕ, ಹಾಸ್ಟೆಲ್ಲಿನ ಮುಂಗಡ, ಪುಸ್ತಕ ಎಲ್ಲ ಒಮ್ಮೆಗೇ ಬಂದು ನಿಂತಾಗ 2012ರ ಆ ಸಣ್ಣ ಕಾರನ್ನು ಮಾರಲು ತೀರ್ಮಾನಿಸಿದೆವು. ಖಾನಾಪುರದ ಕಡೆಯ ಪರಿಚಯದವರೊಬ್ಬರು ಬಂದರು, ನೋಡಿದರು, ದರ ಕುದುರಿತು. ಹಣ ಕೊಟ್ಟರು. ಫಾರ್ಮ್ ನಂ. 29 ಮತ್ತು 30 ಎಂಬ ಎರಡು ಹಾಳೆ ತಂದಿದ್ದರು. ಮೇಲೆ ಏನೂ ತುಂಬಿರಲಿಲ್ಲ. ಕೆಳಗೆ ಸಹಿ ಮಾಡಿರಿ ಎಂದರು. ನಾನು ಸ್ವಲ್ಪ ಅನುಮಾನಿಸಿದೆ.

"ಏನ್ರೀ ಸಾಹೇಬ್ರ, ನಮ್ಮ ಮ್ಯಾಲ ವಿಶ್ವಾಸ ಇಲ್ಲೇನು? ಒಂದ್ ವಾರದಾಗ ಹೆಸರು ಹಚ್ಚಿಸಿಕೊಳ್ತೇನ್ರಿ."

ಇಷ್ಟು ಹೇಳಿದ ಮೇಲೆ ಇಲ್ಲವೆನ್ನಲು ನಾಲಿಗೆ ಏಳಲಿಲ್ಲ. ಸಹಿ ಮಾಡಿದೆ. ಆರ್.ಸಿ., ವಿಮೆ ಪತ್ರ, ಎರಡೂ ಕೀಲಿಕೈ ಕೊಟ್ಟೆ. ಅವರ ಗುರುತಿನ ಚೀಟಿಯ ಪ್ರತಿಯನ್ನೂ ಕೇಳಲಿಲ್ಲ. ಕಾರು ಕೊಲ್ಲಾಪುರ ರಸ್ತೆಯ ತಿರುವಿನಲ್ಲಿ ಮರೆಯಾದಾಗ ಮನಸ್ಸಿಗೆ ಸ್ವಲ್ಪ ಬೇಸರವಾಯಿತೇ ಹೊರತು ಭಯವೇನೂ ಆಗಲಿಲ್ಲ.

ಭಯ ಬಂದದ್ದು ಈ ಸಂದೇಶದ ನಂತರ. ರಜೆಗೆ ಬಂದಿದ್ದ ಮಗಳು ಎಂಪರಿವಾಹನ್ ಆ್ಯಪ್‌ನಲ್ಲಿ ಕಾರಿನ ಸಂಖ್ಯೆ ಹಾಕಿ ನೋಡಿದಳು. ಮಾಲೀಕನ ಜಾಗದಲ್ಲಿ ನನ್ನ ಹೆಸರೇ ಇತ್ತು. ಅದರ ಕೆಳಗೆ, ವಿಮೆ ಆಗಸ್ಟಿನಲ್ಲೇ ಮುಗಿದಿತ್ತು. ಆಕೆ ಫೋನನ್ನು ನನ್ನ ಕೈಗೆ ಕೊಟ್ಟು, "ಅಪ್ಪಾ, ನೀವು ಗಾಡಿ ಮಾರೀರಿ. ಹೆಸರು ಮಾರಿಲ್ಲ," ಎಂದಳು.

ಈ ವಾರ ಬರೆಯಬೇಕಾದದ್ದು ಅವಳ ಈ ಮಾತಿನ ಮೇಲೆಯೇ. ಬೇಸಿಗೆ ಬಂತೆಂದರೆ ಕೋರ್ಸು ಮುಗಿಸಿದ ವಿದ್ಯಾರ್ಥಿಗಳು ತಮ್ಮ ಬೈಕು ಸ್ಕೂಟರುಗಳನ್ನು ಮಾರಿ ಊರಿಗೆ ಹೊರಡುತ್ತಾರೆ. ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಇರುವ ನಮ್ಮ ನೆಹರು ನಗರದಲ್ಲೂ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿರುವ ಖಾನಾಪುರ ರಸ್ತೆಯ ಮಚ್ಛೆಯ ಕಡೆಯೂ ಇದು ವರ್ಷವರ್ಷದ ನೋಟ. ಅತ್ತ ತಂದೆತಾಯಿಗಳು ಮಕ್ಕಳ ಶುಲ್ಕಕ್ಕಾಗಿ ಹಳೆಯ ಗಾಡಿ ಮಾರುತ್ತಾರೆ. ಇಬ್ಬರೂ ನನ್ನಂತೆ ಮಾಡಬಾರದು.

ಮಾಲೀಕ ಯಾರು?

ಹಣ ಕೊಟ್ಟು ಗಾಡಿ ಒಯ್ದವನೇ ಮಾಲೀಕ ಎಂದು ನಾವು ತಿಳಿಯುತ್ತೇವೆ. 1988ರ ಮೋಟಾರು ವಾಹನ ಕಾಯಿದೆ ಹಾಗೆ ಹೇಳುವುದಿಲ್ಲ. ಅದರ ಕಲಂ 2(30)ರ ಪ್ರಕಾರ, ಸಾಮಾನ್ಯವಾಗಿ ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವರೇ ಮಾಲೀಕರು. ನೂರು ರೂಪಾಯಿಯ ಛಾಪಾ ಕಾಗದದ ಮೇಲೆ ಕರಾರು ಬರೆದಿದ್ದರೂ, ನೋಟರಿ ಮೊಹರು ಒತ್ತಿಸಿದ್ದರೂ, ಆರ್‌ಟಿಓ ಪುಸ್ತಕದಲ್ಲಿ ಹೆಸರು ಬದಲಾಗುವವರೆಗೆ ಅಪಘಾತದ ಪರಿಹಾರ ಕೇಳುವವರು ಹುಡುಕಿಕೊಂಡು ಬರುವುದು ಹಳೆಯ ಮಾಲೀಕನ ಮನೆಗೇ.

ಇದು ಬರಿ ಪುಸ್ತಕದ ಮಾತಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇಂಥದೇ ಒಂದು ಪ್ರಕರಣವನ್ನು ತೀರ್ಮಾನಿಸಿತು. ಒಬ್ಬರು 2007ರಲ್ಲಿ ತಮ್ಮ ಕಾರನ್ನು ಮಾರಿದ್ದರು. ಕೊಂಡವರು 2008ರಲ್ಲಿ ಇನ್ನೊಬ್ಬರಿಗೆ ಮಾರಿದರು. ಹೀಗೆ ಕಾರು ಕೈಯಿಂದ ಕೈಗೆ ಹೋಯಿತು. ನೋಂದಣಿ ಮಾತ್ರ ಮೊದಲಿನವರ ಹೆಸರಿನಲ್ಲೇ ಉಳಿಯಿತು. 2009ರ ಮೇ ತಿಂಗಳಲ್ಲಿ ಆ ಕಾರು ಹಿಮ್ಮುಖವಾಗಿ ಬಂದು ಇಬ್ಬರಿಗೆ ತಾಗಿತು. ಒಬ್ಬರು ತೀರಿಕೊಂಡರು, ಇನ್ನೊಬ್ಬರು ಗಾಯಗೊಂಡರು. ಕಾರಿಗೆ ವಿಮೆ ಇರಲಿಲ್ಲ. 'ನಾನು ಎಂದೋ ಮಾರಿದ್ದೇನೆ' ಎಂಬ ಮೊದಲ ಮಾಲೀಕರ ವಾದವನ್ನು ಹೈಕೋರ್ಟು ಒಪ್ಪಿತ್ತು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ನೊಂದವರು ಗಾಡಿ ಯಾರಿಂದ ಯಾರಿಗೆ ಹೋಯಿತೆಂದು ಹುಡುಕುತ್ತ ಅಲೆಯಬೇಕಾಗಿಲ್ಲ, ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಎಂದಿತು.

ನೊಂದವರ ದೃಷ್ಟಿಯಿಂದ ನೋಡಿದರೆ ಇದು ನ್ಯಾಯವೇ. ಮನೆಯವರನ್ನು ಕಳೆದುಕೊಂಡವರು ನಾಲ್ಕು ಜನ ಖರೀದಿದಾರರ ಹಿಂದೆ ಏಕೆ ಓಡಬೇಕು? ಆದರೆ ಮಾರಿದವನ ಮನೆಯಲ್ಲಿ ಕುಳಿತು ಓದಿದಾಗ ಎದೆ ಝಲ್ಲೆನ್ನುತ್ತದೆ. ನನ್ನ ಕಾರಿಗೂ ಆಗ ವಿಮೆ ಇರಲಿಲ್ಲ. ಗೋವಾ ರಸ್ತೆಯಲ್ಲಿ ಅದು ವೇಗವಾಗಿ ಓಡುತ್ತಿತ್ತು. ಯಾರಿಗಾದರೂ ತಾಗಿದ್ದರೆ, ಮಗಳ ಓದಿಗೆಂದು ಮಾರಿದ ಕಾರು ಮಗಳ ಓದನ್ನೇ ನುಂಗಿಬಿಡುತ್ತಿತ್ತು.

ಮಾರುವ ಮೊದಲು

ಕೊಳ್ಳುವವರು ಬರುವ ಮುಂಚೆಯೇ ಮನೆಯಲ್ಲಿ ಒಂದು ಕಡತ ಮಾಡಿರಿ. ಅದರಲ್ಲಿ ಇವು ಇರಬೇಕು.

1. ಆರ್.ಸಿ. ಅದರಲ್ಲಿರುವ ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು ಗಾಡಿಯ ಮೇಲಿರುವವುಗಳೊಡನೆ ಹೊಂದುತ್ತವೆಯೇ ನೋಡಿರಿ. ಸ್ವಂತ ಬಳಕೆಯ ವಾಹನದ ನೋಂದಣಿ 15 ವರ್ಷ ನಡೆಯುತ್ತದೆ. ಆಮೇಲೆ ಗಾಡಿಯ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅವಧಿ ಮುಗಿಯುತ್ತ ಬಂದಿದ್ದರೆ ಕೊಳ್ಳುವವರಿಗೆ ಮೊದಲೇ ಹೇಳಿರಿ.

2. ಚಾಲ್ತಿಯಲ್ಲಿರುವ ವಿಮೆ ಪತ್ರ ಮತ್ತು ಹೊಗೆ ತಪಾಸಣೆಯ ಪ್ರಮಾಣ ಪತ್ರ.

3. ಸಾಲ ತೀರಿದ ದಾಖಲೆ. ಬ್ಯಾಂಕಿನ ಸಾಲದಿಂದ ಗಾಡಿ ಕೊಂಡಿದ್ದರೆ ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಇರುತ್ತದೆ. ಕಂತು ತೀರಿತೆಂದು ಆ ಹೆಸರು ತಾನಾಗಿ ಅಳಿಸುವುದಿಲ್ಲ. ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಇಬ್ಬರೂ ಸಹಿ ಮಾಡಿದ ಫಾರ್ಮ್ ನಂ. 35 ಕೊಟ್ಟು ತೆಗೆಸಬೇಕು. ಎಷ್ಟೋ ವ್ಯವಹಾರಗಳು ಇಲ್ಲಿಯೇ ನಿಂತುಬಿಡುತ್ತವೆ.

4. ಬಾಕಿ ದಂಡಗಳ ಲೆಕ್ಕ. ಸಂಚಾರ ನಿಯಮ ಮುರಿದ ಹಳೆಯ ದಂಡವಿದ್ದರೆ ಕಟ್ಟಿ ರಸೀದಿ ಇಟ್ಟುಕೊಳ್ಳಿರಿ.

5. ಸುರಕ್ಷಿತ ನಂಬರ್ ಪ್ಲೇಟು. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಗಳಿಗೂ ಎಚ್.ಎಸ್.ಆರ್.ಪಿ. ಹಾಕಿಸಬೇಕೆಂದು ರಾಜ್ಯದ ಸಾರಿಗೆ ಇಲಾಖೆ 2023ರ ಆಗಸ್ಟಿನಲ್ಲಿ ಅಧಿಸೂಚನೆ ಹೊರಡಿಸಿತು. ಅದಿಲ್ಲದ ಗಾಡಿಗೆ ಮಾಲೀಕತ್ವ ವರ್ಗಾವಣೆ ಇಲ್ಲವೆಂದೂ ಅದರಲ್ಲಿ ಹೇಳಿದೆ.

6. ನಿಮ್ಮ ಮೊಬೈಲ್ ಸಂಖ್ಯೆ. ಈಗ ಅರ್ಜಿಯ ಬಹುಭಾಗ ಪರಿವಾಹನ್ ಜಾಲತಾಣದಲ್ಲೇ ನಡೆಯುವುದರಿಂದ ಒ.ಟಿ.ಪಿ. ಬರುವುದು ನೋಂದಣಿಯಲ್ಲಿರುವ ಸಂಖ್ಯೆಗೆ. ಹತ್ತು ವರ್ಷದ ಹಿಂದಿನ ಸಂಖ್ಯೆ ಅಲ್ಲಿದ್ದರೆ ಮೊದಲು ಅದನ್ನು ಬದಲಿಸಿರಿ.

ಗಾಡಿ ಓಡಿಸಿ ನೋಡುತ್ತೇನೆಂದು ಬಂದವರ ಕೈಗೆ ಕೀಲಿ ಕೊಡುವ ಮುಂಚೆ ಅವರ ಲೈಸೆನ್ಸನ್ನು ಕಣ್ಣಾರೆ ನೋಡಿರಿ. ನಾಚಿಕೆ ಬೇಡ.

ಮಾರುವ ದಿನ

ಫಾರ್ಮ್ ನಂ. 29 ಎಂದರೆ 'ನಾನು ಇಂಥವರಿಗೆ ಮಾರಿದ್ದೇನೆ' ಎಂದು ಮಾರಿದವನು ಆರ್‌ಟಿಓಗೆ ಕೊಡುವ ತಿಳಿವಳಿಕೆ. ಫಾರ್ಮ್ ನಂ. 30 ಎಂದರೆ ಇಬ್ಬರೂ ಸೇರಿ ಮಾಡುವ ವರ್ಗಾವಣೆಯ ಅರ್ಜಿ. ಎರಡನ್ನೂ ಕೊಂಡವರ ಪೂರ್ಣ ಹೆಸರು, ವಿಳಾಸ, ತಾರೀಖು ತುಂಬಿದ ಮೇಲೆಯೇ ಸಹಿ ಮಾಡಬೇಕು. ಖಾಲಿ ಫಾರ್ಮಿನ ಮೇಲಿನ ಸಹಿ ಖಾಲಿ ಚೆಕ್ಕಿನ ಮೇಲಿನ ಸಹಿಯಂತೆಯೇ. ಅದು ಮೊದಲ ಕೊಳ್ಳುಗನ ಕೈಯಲ್ಲಿ ಉಳಿಯುವುದಿಲ್ಲ. ಆತ ತನ್ನ ಹೆಸರು ಬರೆಯದೆ ಮುಂದಿನವನಿಗೆ ದಾಟಿಸುತ್ತಾನೆ. ನನ್ನ ಕಾರಿನ ವಿಷಯದಲ್ಲಿ ಆದದ್ದು ಇದೇ.

ಗಾಡಿ ಒಪ್ಪಿಸಿದ್ದಕ್ಕೆ ಒಂದು ಚೀಟಿ ಬರೆಯಿಸಿಕೊಳ್ಳಿರಿ. ತಾರೀಖಿನ ಜೊತೆ ಗಂಟೆಯನ್ನೂ ಬರೆಯಬೇಕು. ಸಂಜೆ ಐದಕ್ಕೆ ಒಯ್ದ ಗಾಡಿ ಆರಕ್ಕೆ ಏನಾದರೂ ಮಾಡಿಕೊಂಡರೆ ಆ ಒಂದು ಗಂಟೆಯೇ ನಿಮ್ಮ ಸಾಕ್ಷಿ. ನೋಂದಣಿ, ಎಂಜಿನ್, ಚಾಸಿಸ್ ಸಂಖ್ಯೆ, ಓಡಿದ ಕಿಲೋಮೀಟರು, ಪಡೆದ ಹಣ, ಇಬ್ಬರು ಸಾಕ್ಷಿದಾರರ ಸಹಿ ಇರಲಿ. ಕೊಂಡವರ ಗುರುತಿನ ಚೀಟಿ ಮತ್ತು ವಿಳಾಸದ ಪ್ರತಿಯ ಮೇಲೆ ಅವರದೇ ಸಹಿ ಇರಲಿ. ಈ ಚೀಟಿ ನೋಂದಣಿಯ ಬದಲಿಗೆ ಅಲ್ಲ, ಅದರ ಜೊತೆಗೆ ಎಂಬುದನ್ನು ಮರೆಯಬೇಡಿರಿ.

ಹಣವನ್ನು ಬ್ಯಾಂಕಿನ ಮೂಲಕ ಪಡೆದರೆ ದಾಖಲೆ ತಾನಾಗಿ ಉಳಿಯುತ್ತದೆ. ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಿಂದ ನಿಷೇಧಿಸಿದೆ. ದಂಡ ಬೀಳುವುದು ಪಡೆದವರಿಗೆ, ಅಂದರೆ ಮಾರಿದವರಿಗೆ.

ಮಾರಿದ ಮೇಲೆ

ಕಾಯಿದೆಯ ಕಲಂ 50ರಂತೆ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಆರ್‌ಟಿಓಗೆ ತಿಳಿಸಬೇಕು. ಕೊಂಡವರು ಮಾಡಲಿ ಎಂದು ಕಾಯುತ್ತ ಕೂಡದೆ ನಿಮ್ಮ ಪಾಲಿನದನ್ನು ನೀವು ಮಾಡಿ, ಸ್ವೀಕೃತಿ ಪಡೆದು ಇಟ್ಟುಕೊಳ್ಳಿರಿ. ಸಾಧ್ಯವಿದ್ದರೆ ಅರ್ಜಿ ಹಾಕುವ ದಿನ ಇಬ್ಬರೂ ಕೂಡಿಯೇ ಕುಳಿತುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಆಧಾರ್ ದೃಢೀಕರಣದ ಮೂಲಕ ಕಚೇರಿಗೆ ಹೋಗದೆಯೇ ಪಡೆಯಬಹುದಾದ 58 ಸೇವೆಗಳ ಪಟ್ಟಿಯನ್ನು ಕೇಂದ್ರ ಸಾರಿಗೆ ಸಚಿವಾಲಯ 2022ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಮಾಲೀಕತ್ವ ವರ್ಗಾವಣೆಯೂ ಅದರಲ್ಲಿದೆ. ಅರ್ಜಿ ಹಾಕಿ ಮರೆಯಬೇಡಿರಿ. ಆ್ಯಪ್‌ನಲ್ಲಿ ಹೊಸ ಹೆಸರು ಕಾಣುವವರೆಗೆ ವಾರಕ್ಕೊಮ್ಮೆ ನೋಡುತ್ತಿರಿ.

ವಿಮೆಯ ವಿಷಯದಲ್ಲಿ ಹಲವರಿಗೆ ಗೊಂದಲವಿದೆ. ಗಾಡಿ ಕೈ ಬದಲಾದರೆ ವಿಮೆಯೂ ಹೊಸ ಮಾಲೀಕರಿಗೆ ಹೋಯಿತೆಂದು ಕಲಂ 157 ಭಾವಿಸುತ್ತದೆ. ಆದರೆ ಇದು ದಾರಿಹೋಕರಿಗೆ, ಅಂದರೆ ಮೂರನೆಯವರಿಗೆ ಆಗುವ ಹಾನಿಯ ಮಟ್ಟಿಗೆ ಮಾತ್ರ ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಕೊಂಡವರ ಗಾಡಿಗೇ ಆದ ಹಾನಿಗೆ ಪರಿಹಾರ ಬೇಕಾದರೆ ಪಾಲಿಸಿ ಅವರ ಹೆಸರಿಗೆ ಆಗಿರಬೇಕು. ಅದಕ್ಕಾಗಿ 14 ದಿನಗಳೊಳಗೆ ಅವರು ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ಆದ್ದರಿಂದ ಹೆಸರು ಬದಲಾವಣೆ ಕೊಳ್ಳುವವರ ಹಿತಕ್ಕೂ ಇದೆ. ಅವರಿಗೆ ಇದನ್ನು ತಿಳಿಸಿ ಹೇಳಿದರೆ ಅವರೇ ಅವಸರ ಮಾಡುತ್ತಾರೆ.

ಇನ್ನು 'ನೋ ಕ್ಲೇಮ್ ಬೋನಸ್'. ಅಪಘಾತವಿಲ್ಲದೆ ಗಾಡಿ ಓಡಿಸಿದ್ದಕ್ಕೆ ಸಿಗುವ ಈ ರಿಯಾಯಿತಿ ಗಾಡಿಯದಲ್ಲ, ನಿಮ್ಮದು. ಅದು ಶೇ. 50ರವರೆಗೂ ಇರಬಹುದು. ಕಂಪನಿಯಿಂದ ಪತ್ರ ಪಡೆದಿಟ್ಟುಕೊಂಡರೆ 3 ವರ್ಷಗಳೊಳಗೆ ಕೊಳ್ಳುವ ಮುಂದಿನ ಗಾಡಿಗೆ ಬಳಸಬಹುದು.

ಕಾರಾದರೆ ಫಾಸ್ಟ್ಯಾಗ್ ಮುಚ್ಚಿಸಿರಿ. ಇಲ್ಲದಿದ್ದರೆ ಹೊಸ ಮಾಲೀಕರು ಹತ್ತರಗಿ, ಹಿರೇಬಾಗೇವಾಡಿ ಟೋಲು ದಾಟಿದಾಗಲೆಲ್ಲ ನಿಮ್ಮ ಖಾತೆಯಿಂದ ಹಣ ಕಡಿತವಾಗುತ್ತದೆ.

ಗಡಿ ದಾಟುವ ಗಾಡಿಗಳು

ನಮ್ಮ ಜಿಲ್ಲೆಯ ವಿಶೇಷವೆಂದರೆ ಎರಡು ರಾಜ್ಯಗಳು ಪಕ್ಕದಲ್ಲೇ ಇವೆ. ಖಾನಾಪುರದವರಿಗೆ ಗೋವಾ, ಬೆಳಗಾವಿಯವರಿಗೆ ಚಂದಗಡ, ಕೊಲ್ಲಾಪುರ ಎಂದರೆ ಅಕ್ಕಪಕ್ಕದ ಊರು. ಸಂತೆ, ಸಂಬಂಧ, ವ್ಯಾಪಾರ ಎಲ್ಲ ಅಲ್ಲಿಯವರೊಡನೆ ನಡೆಯುತ್ತದೆ. ಆದರೆ ಗಾಡಿಯ ಕಾಗದಕ್ಕೆ ಗಡಿ ಎಂದರೆ ಗಡಿಯೇ.

ಕೆಎ 22ರ ಗಾಡಿಯನ್ನು ಗೋವಾದವರಿಗೆ ಮಾರಿದರೆ ಫಾರ್ಮ್ ನಂ. 28ರಲ್ಲಿ ಅರ್ಜಿ ಹಾಕಿ ಬೆಳಗಾವಿ ಆರ್‌ಟಿಓದ ನಿರಾಕ್ಷೇಪಣಾ ಪತ್ರ ಪಡೆಯಬೇಕು. ತೆರಿಗೆ ಬಾಕಿ ಇರಬಾರದು, ಗಾಡಿಯ ಮೇಲೆ ಪೊಲೀಸ್ ಪ್ರಕರಣ ಇರಬಾರದು. ಹೊರರಾಜ್ಯದ ಮಾರಾಟಕ್ಕೆ ಕಾಯಿದೆ ಕೊಡುವ ಅವಧಿ 45 ದಿನ. ಇಲ್ಲಿ ಕಟ್ಟಿದ ಜೀವಾವಧಿ ತೆರಿಗೆಯಲ್ಲಿ ಒಂದು ಭಾಗವನ್ನು ಮರಳಿ ಕೇಳಲು ಅವಕಾಶವಿದೆ. ಹಾಗೆಯೇ ಅಲ್ಲಿಯ ಗಾಡಿ ಅಗ್ಗವಾಗಿ ಸಿಗುತ್ತದೆಂದು ಕೊಳ್ಳುವವರು ಇಲ್ಲಿ ಕಟ್ಟಬೇಕಾದ ತೆರಿಗೆಯನ್ನು ಸೇರಿಸಿ ಲೆಕ್ಕ ಹಾಕಬೇಕು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ಸಂಖ್ಯೆ ಪಡೆಯಬೇಕೆಂಬುದೂ ಕಾನೂನು.

ವಿದ್ಯಾರ್ಥಿಗಳಿಗೆ ಎರಡು ಮಾತು

ಹಾಸ್ಟೆಲ್ಲಿನ ಮುಂದೆ ನಿಂತಿರುವ ಬೈಕುಗಳಲ್ಲಿ ಹೆಚ್ಚಿನವು ಅಪ್ಪನ ಹೆಸರಿನಲ್ಲಿರುತ್ತವೆ. ಕೊನೆಯ ಪರೀಕ್ಷೆ ಮುಗಿದಿದೆ, ನಾಳೆ ರೈಲು, ಜೂನಿಯರ್ ಒಬ್ಬ ಕೊಳ್ಳಲು ಸಿದ್ಧನಿದ್ದಾನೆ, ಅಪ್ಪ ಮಾತ್ರ ಬೀದರಿನಲ್ಲೋ ಗದಗಿನಲ್ಲೋ ಇದ್ದಾರೆ. ಆಗ ಗೆಳೆಯರು, "ಲೇ, ಅಪ್ಪನ ಸಹಿ ನೀನ ಹಾಕಲೇ, ಯಾರ್ ನೋಡ್ತಾರ?" ಎನ್ನುತ್ತಾರೆ. ತಮ್ಮಾ, ಅದು ಸುಳ್ಳು ಸಹಿ. ಅಪ್ಪ ಕೋಪಿಸಿಕೊಳ್ಳದಿರಬಹುದು, ಆದರೆ ಮುಂದೆ ತಕರಾರು ಬಂದರೆ ಅಪರಾಧವಾಗುವುದು ನಿನ್ನ ಕೈಯಿಂದ. ಫಾರ್ಮುಗಳನ್ನು ತುಂಬಿ ಊರಿಗೆ ಕಳಿಸಿ ಸಹಿ ಮಾಡಿಸಿ ತರಿಸು. ಒಂದು ತಿಂಗಳು ಮೊದಲೇ ಶುರು ಮಾಡಿದರೆ ಯಾವ ಅವಸರವೂ ಇರುವುದಿಲ್ಲ. ಕೊಳ್ಳುವ ಹುಡುಗನೂ ಅಷ್ಟೇ. ಸೀನಿಯರ್ ಅಣ್ಣ ಒಳ್ಳೆಯವನೆಂದು ಬರಿ ಕೀಲಿ ಪಡೆದು ಸುಮ್ಮನಾಗಬಾರದು.

ತಂದೆತಾಯಿಗಳು ಒಂದು ವಿಷಯ ಗಮನಿಸಬೇಕು. 18 ತುಂಬದ ಮಕ್ಕಳು ಗೇರಿನ ಬೈಕು ಓಡಿಸುವಂತಿಲ್ಲ. 16 ತುಂಬಿದವರಿಗೆ ಗೇರಿಲ್ಲದ, 50 ಸಿಸಿ ಮೀರದ ವಾಹನಕ್ಕೆ ಮಾತ್ರ, ಅದೂ ಲೈಸೆನ್ಸಿನೊಡನೆ ಅವಕಾಶ. 2019ರ ತಿದ್ದುಪಡಿಯಿಂದ ಬಂದ ಕಲಂ 199ಎ ಪ್ರಕಾರ ಅಪ್ರಾಪ್ತ ವಯಸ್ಕರು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರು ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಗಾಡಿಯ ನೋಂದಣಿಯೂ 12 ತಿಂಗಳು ರದ್ದಾಗುತ್ತದೆ. ನೀವು ಮಾರಿದ, ಆದರೆ ನಿಮ್ಮ ಹೆಸರಿನಲ್ಲೇ ಉಳಿದ ಬೈಕನ್ನು ಕೊಂಡವರ ಹದಿನಾರರ ಮಗ ಓಡಿಸಿದರೆ? ನನಗೆ ತಿಳಿದೇ ಇರಲಿಲ್ಲವೆಂದು ಸಾಧಿಸುವ ಹೊರೆ ನಿಮ್ಮ ಮೇಲೆ ಬರಬಹುದು.

ಮಾಲೀಕರು ತೀರಿಕೊಂಡಿರುವ ಮನೆಗಳೂ ಇವೆ. ತಂದೆಯ ಗಾಡಿಯನ್ನು ಮಗ ನೇರವಾಗಿ ಮಾರುವಂತಿಲ್ಲ. ಮೊದಲು ಆರ್‌ಟಿಓಗೆ 30 ದಿನಗಳೊಳಗೆ ಸಾವಿನ ವಿಷಯ ತಿಳಿಸಿ, 3 ತಿಂಗಳೊಳಗೆ ಫಾರ್ಮ್ ನಂ. 31ರಲ್ಲಿ ಅರ್ಜಿ ಹಾಕಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ಮರಣ ಪ್ರಮಾಣ ಪತ್ರ, ವಂಶಾವಳಿ, ಉಳಿದ ವಾರಸುದಾರರ ಒಪ್ಪಿಗೆ ಬೇಕಾಗುತ್ತವೆ. ಈ ತೊಂದರೆ ಕಡಿಮೆ ಮಾಡಲೆಂದೇ 2021ರಿಂದ ಆರ್.ಸಿ.ಯಲ್ಲಿ ನಾಮನಿರ್ದೇಶಿತರ ಹೆಸರು ಸೇರಿಸಲು ಅವಕಾಶ ಮಾಡಲಾಗಿದೆ.

ದಲಾಲರ ಮೂಲಕ ಮಾರುವವರಿಗೂ ಒಂದು ದಾರಿ ತೆರೆದಿದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಹಳೆಯ ವಾಹನಗಳ ವ್ಯಾಪಾರಿಗಳು ಆರ್‌ಟಿಓದಿಂದ ಅಧಿಕಾರ ಪತ್ರ ಪಡೆದಿರಬೇಕು. ಅಂಥವರಿಗೆ ಗಾಡಿ ಒಪ್ಪಿಸಿದಾಗ ಫಾರ್ಮ್ ನಂ. 29ಸಿ ಮೂಲಕ ತಿಳಿಸಿದರೆ, ಅದು ಮಾರಾಟವಾಗುವವರೆಗೆ ಅವರನ್ನೇ ಮಾಲೀಕರೆಂದು ಭಾವಿಸಲಾಗುತ್ತದೆ. ಅಧಿಕಾರ ಪತ್ರ ತೋರಿಸಿರೆಂದು ಕೇಳಲು ಹಿಂಜರಿಯಬೇಡಿರಿ.

ನನ್ನ ಕಾರು ಸಿಕ್ಕಿತು

ಕೊನೆಗೆ ನನ್ನ ಕಥೆ ಏನಾಯಿತು? ಮರುದಿನವೇ ನಡೆದದ್ದನ್ನೆಲ್ಲ ಬರೆದು ಆರ್‌ಟಿಓಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆದೆ. ಆಮೇಲೆ ಖಾನಾಪುರಕ್ಕೆ ಹೋದೆ. ಪರಿಚಯದವರು ನಾಚಿಕೊಂಡರು. ಲೋಂಡಾದ ಒಬ್ಬರಿಗೆ ಕೊಟ್ಟೆನೆಂದರು. ಲೋಂಡಾದವರು ನಂದಗಡದ ಕಡೆ ಕೈ ತೋರಿಸಿದರು. ನಂದಗಡದಲ್ಲಿ ಒಂದು ಮನೆಯ ಮುಂದೆ ಬೇವಿನ ಗಿಡದ ನೆರಳಲ್ಲಿ ನನ್ನ ಕಾರು ನಿಂತಿತ್ತು.

ಆ ಮನೆಯ ಯಜಮಾನರು ತಾಯಿಯನ್ನು ಗೋವಾದ ಆಸ್ಪತ್ರೆಗೆ ಕರೆದೊಯ್ಯಲೆಂದು ಅದನ್ನು ಕೊಂಡಿದ್ದರು. ನನ್ನನ್ನು ಕಂಡು ಜಗಳಕ್ಕೆ ಬಂದೆನೆಂದು ತಿಳಿದರು. ವಿಷಯ ಹೇಳಿದ ಮೇಲೆ ಕುರ್ಚಿ ಹಾಕಿದರು. "ವಿಮಾದವ್ರು ನಿಮ್ಮ ಹೆಸರಿಲ್ಲ, ಕ್ಲೇಮ್ ಸಿಗೂದಿಲ್ಲ ಅಂದ್ರೀ. ನಿಮ್ಮನ್ನ ಎಲ್ಲಿ ಹುಡುಕೂದು ಅಂತ ಬಿಟ್ಟಿದ್ನಿರಿ," ಎಂದರು. ನಾನು ಅವರನ್ನು ಹುಡುಕುತ್ತಿದ್ದೆ, ಅವರಿಗೆ ನಾನು ಬೇಕಾಗಿದ್ದೆ. ಇಬ್ಬರ ನಡುವೆ ಇದ್ದವರು ಇಬ್ಬರು, ಮತ್ತು ಖಾಲಿ ಫಾರ್ಮು.

ಮುಂದಿನ ವಾರ ಅವರು ವಿಮೆ ಮಾಡಿಸಿದರು, ದಂಡ ಕಟ್ಟಿದರು. ಇಬ್ಬರೂ ಹೊಸ ಫಾರ್ಮು ತುಂಬಿ ಸಹಿ ಮಾಡಿದೆವು. ತಡವಾದದ್ದಕ್ಕೆ ಹೆಚ್ಚಿನ ಶುಲ್ಕ ಬಿತ್ತು. ಅರ್ಧ ನಾನು ಕೊಟ್ಟೆ. ತಪ್ಪಿನಲ್ಲಿ ನನ್ನ ಪಾಲೂ ಇತ್ತಲ್ಲ. ಆ್ಯಪ್‌ನಲ್ಲಿ ಅವರ ಹೆಸರು ಕಂಡ ದಿನ ಮಗಳಿಗೆ ಫೋನು ಮಾಡಿ ಹೇಳಿದೆ. ಅಷ್ಟು ದಿನ ರಾತ್ರಿ ಫೋನು ಸದ್ದು ಮಾಡಿದರೆ ಸಾಕು, ಎದ್ದು ಕೂಡುತ್ತಿದ್ದೆ. ಅಂದು ನಿದ್ದೆ ಬಂತು.

ಓದುಗರೇ, ಮಾರಾಟ ಮುಗಿಯುವುದು ಹಣ ಎಣಿಸಿದಾಗ ಅಲ್ಲ, ಹೆಸರು ಬದಲಾದಾಗ. ನಿಮ್ಮ ಮನೆಯಿಂದ ಹಿಂದೆ ಯಾವುದಾದರೂ ಗಾಡಿ ಹೀಗೆಯೇ ಹೋಗಿದ್ದರೆ ಈ ಪುಟ ಮಡಚುವ ಮುಂಚೆ ಅದರ ಸಂಖ್ಯೆ ನೆನಪಿಸಿಕೊಂಡು ಒಮ್ಮೆ ನೋಡಿರಿ. ಅಲ್ಲಿ ನಿಮ್ಮ ಹೆಸರೇ ಇದ್ದರೆ ನಾಳೆ ಮಾಡಬೇಕಾದ ಮೊದಲ ಕೆಲಸ ಅದೇ.